ಸೊಂಟದಲ್ಲಿದ್ದ ಗೇಟಿನ ಕೀಲಿಕೈ

ಹೋದ ವರ್ಷ ನಾಗರ ಪಂಚಮಿಗೆ ಎರಡು ದಿನ ಇರುವಾಗ ನಡೆದ ಸಂಗತಿ ಇದು. ದಾಂಡೇಲಿಯಲ್ಲಿ ಆ ವಾರವೆಲ್ಲ ಮಳೆ ಬಿಡುವು ಕೊಟ್ಟಿರಲಿಲ್ಲ. ಇದನ್ನು ಬರೆಯಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಹೊಯ್ದಾಡಿದೆ. ಕೊನೆಗೆ ನಮ್ಮ ಮನೆಯವರೇ, "ಬರಿಯೂದಿದ್ರ ಪೂರ್ತಿ ಬರಿ. ನಿನ್ನ ಪಾಲಿಂದು ಮುಚ್ಚಿಟ್ಟು ಮಂದಿ ಪಾಲಿಂದಷ್ಟ ಬರಿಬ್ಯಾಡ" ಎಂದರು. ಮೂವತ್ತು ವರ್ಷ ನನ್ನ ಜೊತೆ ಬಾಳಿದ ಮನುಷ್ಯ, ನನ್ನ ಸ್ವಭಾವ ಅವರಿಗೆ ಗೊತ್ತು.

ಮೊದಲು ನಮ್ಮ ಓಣಿಯ ವಿಷಯ ಹೇಳಬೇಕು. ನಮ್ಮದು ಹೊಸ ಲೇಔಟು. ಸ್ವಲ್ಪ ಎತ್ತರದ ಜಾಗ, ಅಗಲವಾದ ರಸ್ತೆ, ಪ್ರತಿ ಮನೆಗೂ ಕಂಪೌಂಡು. ನಮ್ಮ ಮನೆ ಇರುವ ಮೂರನೇ ಅಡ್ಡರಸ್ತೆಯ ತುದಿಗೆ ಒಂದು ಗೋಡೆ, ಗೋಡೆಯ ನಡುವೆ ಒಂದು ಕಬ್ಬಿಣದ ಗೇಟು. ಗೇಟಿನ ಆಚೆ ಹಳೇ ಲೈನು. ಅಲ್ಲಿ ಕಾಗದದ ಕಾರ್ಖಾನೆಯನ್ನು ನಂಬಿ ಧಾರವಾಡ, ಬೆಳಗಾವಿ ಕಡೆಯಿಂದ ಬಂದವರ ಸಾಲು ಮನೆಗಳಿವೆ. ಎದುರು ಬದುರು ಬಾಗಿಲು, ನಡುವೆ ನಾಲ್ಕು ಮಾರು ಓಣಿ. ಒಂದು ಓಣಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾರಿ. ಯಾರ ಮನೆಯಲ್ಲಿ ಇವತ್ತು ಯಾವ ಸಾರು ಎಂದು ಇಡೀ ಓಣಿಗೆ ಗೊತ್ತಿರುತ್ತದೆ.

ನಾನು ಹುಟ್ಟಿದ್ದು ಆ ಹಳೇ ಲೈನಿನಲ್ಲಿ. ಅಪ್ಪ ನವಲಗುಂದದ ಕಡೆಯ ಹಳ್ಳಿಯಿಂದ ಬಂದು ಕಾರ್ಖಾನೆ ಸೇರಿದವರು. ಆಗ ಈಗಿನ ಲೇಔಟಿನ ಜಾಗ ಬಯಲು. ಅದರ ನಡುವೆ ಒಂದು ಕಾಲುದಾರಿ ಇತ್ತು. ಪಾಳಿಗೆ ಹೋಗುವವರು, ಸಂತೆಗೆ ಹೋಗುವವರು, ಶಾಲೆಗೆ ಹೋಗುವ ನಾವು, ಎಲ್ಲರೂ ಅದೇ ದಾರಿ ಹಿಡಿಯುತ್ತಿದ್ದೆವು. ಕಾರ್ಖಾನೆಯ ಭೋಂಗಾ ಕೂಗುವ ಮುಂಚೆ ಅಪ್ಪನಿಗೆ ಬುತ್ತಿ ಮುಟ್ಟಿಸಬೇಕೆಂದು ಆ ದಾರಿಯಲ್ಲಿ ಎಷ್ಟು ಸಲ ಓಡಿದ್ದೇನೋ ಲೆಕ್ಕವಿಲ್ಲ. ಲೇಔಟು ಆದಾಗ ಆ ಕಾಲುದಾರಿಯೇ ಮೂರನೇ ಅಡ್ಡರಸ್ತೆಯಾಯಿತು. ನಕ್ಷೆಯಲ್ಲಿ ಇಂದಿಗೂ ಆ ರಸ್ತೆ ಲೈನಿನವರೆಗೆ ಹೋಗುತ್ತದೆ. ನೆಲದ ಮೇಲೆ ಮಾತ್ರ ನಮ್ಮ ಗೋಡೆಗೆ ಬಂದು ನಿಲ್ಲುತ್ತದೆ.

ಗೋಡೆ ಕಟ್ಟಿಸಿದ್ದು ನಮ್ಮ ಲೇಔಟಿನ ನಿವಾಸಿಗಳ ಸಂಘ. ಹೊತ್ತಲ್ಲದ ಹೊತ್ತಿನಲ್ಲಿ ಸೈಕಲ್ಲು ಗಂಟೆ, ಜೋರು ಮಾತು, ದಾಸವಾಳ ತಿನ್ನುವ ಆಡು, ಹೀಗೆ ದೂರುಗಳಿಗೆ ಕೊರತೆ ಇರಲಿಲ್ಲ. "ಹೊರಗಿನ ಮಂದಿ ಅಡ್ಡಾಡೂದು ನಿಂತ್ರ ನಮ್ಮ ಏರಿಯಾಕ್ಕ ಒಂದು ಗೌರವ ಬರ್ತೈತಿ" ಎಂದು ಅಧ್ಯಕ್ಷರು ಹೇಳಿದರು. ಆ ಸಭೆಯಲ್ಲಿ ಪಕ್ಕದಲ್ಲಿ ಕೂತ ಹೆಂಗಸೊಬ್ಬರು ನನ್ನನ್ನು, "ನಿಮ್ಮ ತವರುಮನಿ ಎಲ್ಲಿರಿ?" ಎಂದು ಕೇಳಿದರು. "ಧಾರವಾಡದ ಕಡೆ" ಎಂದೆ. ನಾನು ಹುಟ್ಟಿದ ಮನೆಯ ಹೆಂಚು ಆ ಸಭೆಯ ಕೋಣೆಯ ಕಿಟಕಿಯಿಂದ ಕಾಣುತ್ತಿತ್ತು. ಹಾಗೆ ಹೇಳಿದ ಮೇಲೆ ಗೋಡೆಯ ಕಾಗದಕ್ಕೆ ಸಹಿ ಹಾಕುವುದು ಕಷ್ಟವಾಗಲಿಲ್ಲ.

ಗೋಡೆ ಕಟ್ಟಿದವನು ಹಳೇ ಲೈನಿನ ಗೌಂಡಿ ಬಸಪ್ಪ. ನಮ್ಮ ಮನೆಯನ್ನೂ ಅವನೇ ಕಟ್ಟಿದ್ದ. ಅವನ ಹೆಂಡತಿ ಗಂಗವ್ವ ನನಗಿಂತ ಆರೇಳು ವರ್ಷ ಚಿಕ್ಕವಳು. ಚಿಕ್ಕಂದಿನಲ್ಲಿ ನನ್ನ ಲಂಗದ ಚುಂಗು ಹಿಡಿದು "ಸರೋಜಕ್ಕ, ಸರೋಜಕ್ಕ" ಎಂದು ಹಿಂದೆ ಬರುತ್ತಿದ್ದವಳು. ಈಗ ನಮ್ಮ ಮನೆ ಸೇರಿ ಲೇಔಟಿನ ನಾಲ್ಕು ಮನೆಗಳಲ್ಲಿ ಪಾತ್ರೆ, ಬಟ್ಟೆ, ಕಸ ಮಾಡುತ್ತಾಳೆ. ಕೆಲಸಕ್ಕೆ ಬಂದ ಮೊದಲ ದಿನವೇ ನನ್ನನ್ನು ಅಕ್ಕ ಎನ್ನದೆ, ಮನೆಯ ಒಡತಿಯನ್ನು ಕರೆಯುವಂತೆ "ಬಾಯಾರ" ಎಂದಳು. ಬೇಡ ಎಂದು ನಾನೂ ಹೇಳಲಿಲ್ಲ.

ಸಂಘದವರು ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ಸಣ್ಣ ಬಾಗಿಲು ಸಾಕು ಎಂದಿದ್ದರು. ಬಸಪ್ಪ ಕರಣಿ ಕೆಳಗಿಟ್ಟು, "ಒಂದು ಗಾಡಿ ಹಾಯುವಷ್ಟರ ಬಿಡ್ರಿ ಸಾಹೇಬ್ರ. ಮಂದಿ ಸಂಸಾರ ಐತಿ ಆ ಕಡೆ, ಒಮ್ಮೆ ಹೆಣಾ ಬರ್ತೈತಿ, ಒಮ್ಮೆ ಬಾಣಂತಿ ಬರ್ತಾಳ" ಎಂದ. ಹಾಗಾಗಿ ಗೇಟು ಅಗಲವಾಯಿತು. ಅವನು ಗೋಡೆಯನ್ನು ನಮ್ಮ ಕಡೆಯಿಂದಲೇ ಕಟ್ಟಿ ಮುಗಿಸಿದ, ಮೇಲೆ ಗಾಜಿನ ಚೂರುಗಳನ್ನೂ ಅವನೇ ನೆಟ್ಟ. ಕೊನೆಯ ದಿನ ಸಂಜೆ ಕೈಕಾಲು ತೊಳೆದು ಗೇಟಿನ ಮುಂದೆ ನಿಂತು, "ತೆಗಸ್ರಿ ಬಾಯಾರ, ಮನಿಗೆ ಹೋಗತೇನಿ" ಎಂದು ನಕ್ಕ. ಆ ಗೇಟು ತೆಗೆಯಿರಿ ಎಂದು ಕೇಳಿದ ಮೊದಲನೆಯವನು ಅವನೇ.

ಗೇಟಿಗೆ ಹೊತ್ತು ಗೊತ್ತು ಮಾಡಿದರು. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಐದರಿಂದ ಏಳು. ಅಂದರೆ ನಮ್ಮ ಮನೆಗಳ ಕೆಲಸದವರು ಬಂದು ಹೋಗುವ ಹೊತ್ತು. ಉಳಿದ ಹೊತ್ತಿನಲ್ಲಿ ಲೈನಿನವರು ಕೆಳಗಿನ ನಾಲೆಯ ಮೋರಿ ದಾಟಿ, ಕಟ್ಟಿಗೆ ಡಿಪೋ ಬಳಸಿ, ದೊಡ್ಡ ರಸ್ತೆ ಹಿಡಿಯಬೇಕು. ಎರಡು ನಿಮಿಷದ ದಾರಿ ಅರ್ಧ ತಾಸಾಯಿತು. ಲೈನಿನ ಮಕ್ಕಳು ನಮ್ಮ ಕಡೆಯ ಶಾಲೆ ಬಿಟ್ಟು ಡಿಪೋ ಹತ್ತಿರದ ಶಾಲೆಗೆ ಸೇರಿದರು. ತಲೆಯ ಮೇಲೆ ಬುಟ್ಟಿ ಹೊತ್ತು ಸೊಪ್ಪು ತರುತ್ತಿದ್ದ ಕಾಶವ್ವ ಬರುವುದು ನಿಂತಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಕಡೆಯ ಚಿಕ್ಕ ಮಕ್ಕಳು ಯಾರ ಮನೆಯವೆಂದು ನನಗೆ ಗುರುತೇ ಸಿಗದಂತಾಯಿತು. ನಮಗೆ ಮಾತ್ರ ಯಾವ ತೊಂದರೆಯೂ ಆಗಲಿಲ್ಲ, ನಿದ್ದೆ ಚೆನ್ನಾಗಿ ಬಂತು.

ಒಮ್ಮೆ ಮಧ್ಯಾಹ್ನ ಯಾರೋ ಆ ಕಡೆಯಿಂದ ಗೇಟು ಹಿಡಿದು ಅಲ್ಲಾಡಿಸಿದರು. ಚಿಲಕ ಬಾಗಿತು. ಸಂಘದಿಂದ ಪೊಲೀಸ್ ಸ್ಟೇಷನ್ನಿಗೆ ದೂರು ಹೋಯಿತು. ಅನುಮಾನದ ಮೇಲೆ ಬಸಪ್ಪನ ತಮ್ಮ ಫಕೀರಪ್ಪನನ್ನೂ ಇನ್ನೊಬ್ಬನನ್ನೂ ಕರೆಸಿ ದಿನವಿಡೀ ಕೂರಿಸಿದರಂತೆ. ಫಕೀರಪ್ಪ ಫಿಟ್ಟರ್ ಕೆಲಸದವನು, ಒಂದು ದಿನದ ಪಾಳಿ ಕಳೆದುಕೊಂಡ. ಆ ದೂರಿನ ಕೆಳಗೂ ನನ್ನ ಸಹಿ ಇತ್ತು. ಗಂಗವ್ವ ಮರುದಿನ ಎಂದಿನಂತೆ ಬಂದು ಪಾತ್ರೆ ತಿಕ್ಕಿದಳು. ನಾನೂ ಆ ಮಾತು ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಗೇಟಿನ ಕೀಲಿಕೈ ವಾರಕ್ಕೊಂದು ಮನೆಯಲ್ಲಿ ಇರುತ್ತಿತ್ತು. ಸೋಮವಾರ ಬೆಳಿಗ್ಗೆ ಮುಂದಿನ ಮನೆಯ ಕಟ್ಟೆಯ ಮೇಲೆ ಇಡಬೇಕು, ಆ ಮನೆಯ ಹೆಂಗಸು ಬಂದು ಎತ್ತಿಕೊಳ್ಳಬೇಕು. ಕಬ್ಬಿಣ ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆಂದು ನಾವು ಹಾಗೆ ಮಾಡಿಕೊಂಡಿದ್ದೆವು. ಯಾರ ವಾರವೋ ಅವರು ಅದನ್ನು ಪಡಸಾಲೆಯ ಮೊಳೆಗೆ ನೇತು ಹಾಕಬೇಕೆಂಬುದು ಮಾತು. ಆದರೆ ನಾನು ಹಾಗೆ ಮಾಡುತ್ತಿರಲಿಲ್ಲ. ನನ್ನ ಅವ್ವನ ಹಾಗೆ ನನಗೂ ಮನೆಯ ಕೀಲಿಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗುವ ಚಟ. ಗೇಟಿನದನ್ನೂ ಅದಕ್ಕೇ ಪೋಣಿಸುತ್ತಿದ್ದೆ. ಬೇರೆಯವರ ವಾರದಲ್ಲಿ ಒಮ್ಮೆ ಲೈನಿನ ಯಾರದೋ ಮದುವೆ ಸಾಮಾನಿಗೆಂದು ಹೊತ್ತಲ್ಲದ ಹೊತ್ತಲ್ಲಿ ಗೇಟು ತೆಗೆದು ಸಭೆಯಲ್ಲಿ ಮಾತಾಗಿತ್ತು. ನನ್ನ ವಾರದಲ್ಲಿ ಅಂಥದ್ದು ಆಗಬಾರದೆಂಬ ಬಿಗಿ ನನ್ನದು. ಲೈನಿನಲ್ಲಿ ಹುಟ್ಟಿದವಳು ಎಂದು ಯಾರೂ ಬೆರಳು ತೋರಿಸಬಾರದಲ್ಲ.

ಆ ವಾರ ನನ್ನ ಪಾಳಿ. ಮುಂಡಗೋಡದಲ್ಲಿ ನನ್ನ ತಂಗಿ ಇದ್ದಾಳೆ. ಅವ್ವ, ಅಪ್ಪ ಹೋದ ಮೇಲೆ ಅವಳಿಗೆ ತವರು ಎಂದರೆ ನಾನೇ. ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ಒಂದು ಸೀರೆ ಕೊಟ್ಟು ಬರುವುದು ಪ್ರತಿ ವರ್ಷದ ವಾಡಿಕೆ. ಬೆಳಗಿನ ಬಸ್ಸು ಹಿಡಿಯಬೇಕೆಂದು ಆ ದಿನ ಗಂಗವ್ವನಿಗೆ ಬೇಗ ಕೆಲಸ ಮುಗಿಸು ಎಂದು ಅವಸರ ಮಾಡಿದೆ. ಅವಳನ್ನು ಆಚೆ ಕಳಿಸಿ ಎಂಟಕ್ಕೂ ಮೊದಲೇ ಗೇಟು ಹಾಕಿದೆ.

ಗೇಟಿನ ಆಚೆ ನಿಂತು ಗಂಗವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, "ಬಾಯಾರ, ಕೀಲಿಕೈ ಶೈಲಾ ಬಾಯಾರ ಕಡೆ ಇಟ್ಟು ಹೋಗ್ರೆಲಾ. ಮಳಿ ಹಿಂಗ ಹಿಡಿದ್ರ ಮಧ್ಯಾಹ್ನದೊಳಗ ಮೋರಿ ಮ್ಯಾಲ ನೀರು ಬರ್ತಾವ. ಆ ಕಡೆ ದಾರಿ ಬಂದಾಗ್ತೈತಿ" ಎಂದಳು. ಶೈಲಾ ನಮ್ಮ ಎದುರು ಮನೆಯವಳು.

"ಐದಕ್ಕ ಬಂದ್ಬಿಡ್ತೇನಿ ತಗೋ" ಎಂದೆ. "ಬರೀ ಮಧ್ಯಾಹ್ನದ ಮಾತು. ಯಾರಿಗೆ ಏನ್ ಬೇಕಾಗತೈತಿ ಅಷ್ಟರಾಗ?"

ನಾನು ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ, ಉಂಡಿಯ ಡಬ್ಬಿ ಹಿಡಿದು ಹೊರಟೆ. ಹಳಿಯಾಳದಲ್ಲಿ ಇಳಿದು ಬಸ್ಸು ಬದಲಿಸಿ ಮುಂಡಗೋಡ ಮುಟ್ಟಿದಾಗ ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳಿಗೆ ಉಡಿ ತುಂಬಿ ಊಟಕ್ಕೆ ಕೂತೆವು. ಎರಡನೇ ಸಲ ಅನ್ನ ಬಡಿಸಿಕೊಳ್ಳುವಾಗ ಫೋನು ಬಂತು. ಗಂಗವ್ವನದು. ಅವಳು ನನಗೆ ಎಂದೂ ಫೋನು ಮಾಡಿದವಳಲ್ಲ, ಕೆಲಸಕ್ಕೆ ಬರಲಾಗದ ದಿನ ಮಾತ್ರ ಮಾಡುತ್ತಿದ್ದಳು.

"ಬಾಯಾರ, ಕೀಲಿಕೈ ಎಲ್ಲೈತ್ರಿ?" ಅವಳ ಹಿಂದೆ ಮಳೆಯ ಸದ್ದು, ಹತ್ತಾರು ಜನರ ಮಾತು.

"ಯಾಕ ಗಂಗವ್ವ, ಏನಾತು?"

"ಇವ್ರಿಗೆ ಏನೋ ಆಗೇತ್ರಿ. ಊಟಕ್ಕ ಕುಂತವ್ರು ಹಂಗ ವಾಲಿದ್ರು. ಬಾಯಿ ಸೊಟ್ಟ ಆಗೇತಿ, ಬಲಗೈ ಎತ್ತವಲ್ರು. ಲಕ್ವಾ ಹೊಡದೈತಿ ಅಂತಾರ. ಮೋರಿ ಮ್ಯಾಲ ಮೊಣಕಾಲ ಮಟ ನೀರು. ಅಂಬುಲೆನ್ಸು ನಿಮ್ಮ ಕಡೆಯಿಂದ ಬಂದು ಗೇಟಿನ ಮುಂದ ನಿಂತೈತ್ರಿ. ನಾವು ಈ ಕಡೆ ಹಗ್ಗದ ಬಾಜಿನ ಮ್ಯಾಲ ಹೊತಗೊಂಡು ನಿಂತೇವಿ. ಕೀಲಿಕೈ ಎಲ್ಲೈತ್ರಿ?"

ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಎಂಜಲು ಕೈಯಲ್ಲೇ ಗೊಂಚಲು ಮುಟ್ಟಿ ನೋಡಿಕೊಂಡೆ. ಗಾಡಿ ಒಂದು ಕಡೆ, ಮನುಷ್ಯ ಒಂದು ಕಡೆ, ನಡುವೆ ಕೀಲಿ ಜಡಿದ ಗೇಟು. ಅದರ ಕೀಲಿಕೈ ಮುಂಡಗೋಡದಲ್ಲಿ ನನ್ನ ಅನ್ನದ ತಾಟಿನ ಪಕ್ಕ. ಆ ಕ್ಷಣದಲ್ಲಿ ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಮೊದಲು ಬಾಯಿಗೆ ಬಂದದ್ದು ಸುಳ್ಳು. "ಮನ್ಯಾಗ ಇರಬೇಕು" ಎನ್ನಲು ಹೊರಟೆ. ತಂಗಿ ನನ್ನ ಮುಖ ನೋಡುತ್ತಿದ್ದಳು. ನಿಜ ಹೇಳಿದೆ.

"ನನ್ನ ಹತ್ರಾನ ಐತಿ ಗಂಗವ್ವ. ಕೀಲಿ ಒಡದ ಬಿಡ್ರಿ. ನಾನು ಹೇಳಾಕತ್ತೇನಿ, ಒಡೀರಿ."

ಆ ಕಡೆ ಅವಳು ಯಾರಿಗೋ ಹೇಳಿದಳು, ಯಾರೋ ಏನೋ ಅಂದರು. ಮತ್ತೆ ಫೋನಿಗೆ ಬಂದಳು. "ಒಡಿಯೂದು ಏನ್ ದೊಡ್ಡದಲ್ರಿ. ಫಕೀರಪ್ಪನ ಕೈಯಾಗ ಹಾರಿ ಐತಿ. ಆದ್ರ ಯಾರೂ ಮುಂದ ಬರವಲ್ರು. ಹೋದ ಸಲ ಗೇಟು ಅಲ್ಲಾಡಿಸಿದ್ದಕ್ಕ ದಿನಾ ಪೂರ್ತಿ ಸ್ಟೇಷನ್ಯಾಗ ಕುಂಡ್ರಿಸಿದ್ರು. ಅಲ್ಲಾಡಿಸಿದಾವ ಅವ ಅಲ್ಲ ಕೂಡ. ಇವತ್ತ ಒಡದ್ರ ನಾಳೆ ಏನಂತಾರ? ನೀವು ಫೋನ್ಯಾಗ ಹೇಳಿದ್ದಕ್ಕ ಸಾಕ್ಷಿ ಯಾರದಾರ? ನಿಮ್ಮ ಕಡೆಯವ್ರು ಯಾರರ ಬಂದು ನಿಂದರ್ಲಿ ಬಾಯಾರ, ಒಬ್ಬರ ಬರ್ಲಿ."

ಆಗ ಅವಳ ಧ್ವನಿ ಬದಲಾಯಿತು. "ಸರೋಜಕ್ಕ, ಏನರ ಮಾಡ ಯವ್ವಾ" ಎಂದಳು. ಎಷ್ಟೋ ವರ್ಷಗಳ ಮೇಲೆ ಅವಳ ಬಾಯಲ್ಲಿ ಆ ಹೆಸರು ಕೇಳಿದೆ.

ಫೋನಿಟ್ಟು ನಮ್ಮ ಮನೆಯವರಿಗೆ ಹಚ್ಚಿದೆ. ಅವರು ಕಾರ್ಖಾನೆಯಲ್ಲಿ ಮೊದಲ ಪಾಳಿಯಲ್ಲಿದ್ದರು, ಫೋನು ಅಲ್ಲಿನ ಬಟ್ಟೆಯ ಕಪಾಟಿನಲ್ಲಿ. ಅಧ್ಯಕ್ಷರಿಗೆ ಹಚ್ಚಿದೆ, ಎತ್ತಲಿಲ್ಲ. ಮಧ್ಯಾಹ್ನದ ನಿದ್ದೆ. ಪಕ್ಕದ ಮನೆ, ಅದರಾಚೆ ಮನೆ, ಯಾರೂ ಎತ್ತಲಿಲ್ಲ. ಶೈಲಾಗೆ ಹಚ್ಚಿದೆ, ಹಚ್ಚುತ್ತಲೇ ಇದ್ದೆ. ಮಳೆಗೆ ಎಲ್ಲರ ಮನೆಯ ಬಾಗಿಲು ಕಿಟಕಿ ಮುಚ್ಚಿರುತ್ತವೆ. ಅಂಬುಲೆನ್ಸಿನ ಡ್ರೈವರು ಹಾರ್ನು ಹೊಡೆದು, ಇಳಿದು ನೆನೆಯುತ್ತ ನಾಲ್ಕು ಗೇಟು ಬಡಿದಿದ್ದನಂತೆ. ಒಂದು ಮನೆಯ ಕಿಟಕಿ ತೆರೆದು ಮತ್ತೆ ಮುಚ್ಚಿತಂತೆ. ಅದು ಯಾರ ಮನೆ ಎಂದು ಆಮೇಲೆ ನಾನು ಕೇಳಲಿಲ್ಲ. ಆ ದಿನ ನಾನು ಮನೆಯಲ್ಲಿದ್ದಿದ್ದರೂ, ಆ ಹೊತ್ತಿನಲ್ಲಿ ಗೇಟಿನ ಹತ್ತಿರ ಗದ್ದಲ ಕೇಳಿದ್ದರೆ, ನಾನೂ ಹಾಗೆಯೇ ಮಾಡುತ್ತಿದ್ದೆನೋ ಏನೋ.

ಶೈಲಾ ಫೋನು ಎತ್ತಿದಾಗ ಮುಕ್ಕಾಲು ತಾಸು ಕಳೆದಿತ್ತು. ಪಾಪ, ಅವಳು ಕೊಡೆಯನ್ನೂ ಹಿಡಿಯದೆ ಓಡಿದಳು. ಮನೆಯಲ್ಲಿ ಇದ್ದದ್ದು ತೆಂಗಿನಕಾಯಿ ಒಡೆಯುವ ಸಣ್ಣ ಸುತ್ತಿಗೆ. ಅದನ್ನು ಗೇಟಿನ ಸರಳುಗಳ ನಡುವೆ ಆಚೆ ಚಾಚಿ, "ತಗೋರಿ, ಒಡೀರಿ" ಎಂದಳಂತೆ. ಫಕೀರಪ್ಪ ಕೈ ಮುಂದೆ ಮಾಡಲಿಲ್ಲ. ಅವನ ಅಣ್ಣ ಪಕ್ಕದಲ್ಲೇ ಆ ಹಗ್ಗದ ಮಂಚದ ಮೇಲೆ ತಾಡಪತ್ರಿಯ ಕೆಳಗೆ ಮಲಗಿದ್ದ.

"ಮೊದಲನೇ ಏಟು ನೀವು ಹಾಕ್ರಿ ಬಾಯಾರ" ಎಂದನಂತೆ ಫಕೀರಪ್ಪ. "ಎಲ್ಲಾರೂ ನೋಡ್ಲಿ. ಆಮೇಲಿಂದು ನಾವು ನೋಡಕೊಂತೇವಿ."

ಶೈಲಾ ಹೊಡೆದಳು. ಅವಳ ಏಟಿಗೆ ಕೀಲಿ ಅಲುಗಲೂ ಇಲ್ಲ. ಅಷ್ಟೇ ಸಾಕಾಗಿತ್ತು. ಫಕೀರಪ್ಪ ಹಾರೆ ಹಾಕಿ ಒಂದೇ ಸಲ ಮೀಟಿದ, ಕೀಲಿ ಕಳಚಿ ನೀರಿಗೆ ಬಿತ್ತು. ಒಂದು ನಿಮಿಷದ ಕೆಲಸಕ್ಕೆ ಅವರು ಅಷ್ಟು ಹೊತ್ತು ಮಳೆಯಲ್ಲಿ ನಿಂತಿದ್ದರು. ಗೇಟು ಅಗಲವಿದ್ದುದರಿಂದ ಮಂಚ ಹಾಗೇ ಹಾದುಹೋಯಿತು. ಇದನ್ನೆಲ್ಲ ನನಗೆ ಆಮೇಲೆ ಹೇಳಿದ್ದು ಶೈಲಾ. ಹೇಳುವಾಗ ಅವಳು ಅಳುತ್ತಿದ್ದಳು, "ನಾ ಯಾಕ ಮಕ್ಕೊಂಡಿದ್ನೋ ಏನೋ" ಎಂದು. ಅಳಬೇಕಾದವಳು ನಾನು.

ನಾನು ತಂಗಿಯ ಮನೆಯಿಂದ ಆಗಲೇ ಹೊರಟಿದ್ದೆ. ಹಳಿಯಾಳದ ಬಸ್ ನಿಲ್ದಾಣದಲ್ಲಿ ದಾಂಡೇಲಿಯ ಬಸ್ಸಿಗೆ ಕಾಯುವಾಗ ಶೈಲಾಳ ಫೋನು ಬಂತು, "ಹುಬ್ಬಳ್ಳಿಗೆ ಕರಕೊಂಡು ಹೋಗ್ಯಾರ" ಎಂದಳು. ಇನ್ನು ನಾನು ಊರಿಗೆ ಹೋಗಿ ತೆಗೆಯಬೇಕಾದ ಗೇಟು ಯಾವುದೂ ಇರಲಿಲ್ಲ. ಆದರೂ ಬಸ್ಸಿನಲ್ಲಿ ಉದ್ದಕ್ಕೂ ಆ ಕೀಲಿಕೈಯನ್ನು ಗೊಂಚಲಿನಿಂದ ಬಿಚ್ಚಿ ಅಂಗೈಯಲ್ಲಿ ಹಿಡಿದು ಕೂತಿದ್ದೆ. ಪಕ್ಕದಲ್ಲಿದ್ದ ಮುದುಕಿ, "ಏನರ ಕಳಕೊಂಡಿ ಏನ್ ಮಗಳ?" ಎಂದು ಕೇಳಿದಳು. ಇಲ್ಲ ಎಂದೆ.

ಮರುದಿನ ನಾನೂ ನಮ್ಮ ಮನೆಯವರೂ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದೆವು. ಬಸಪ್ಪನ ಜೀವಕ್ಕೆ ಅಪಾಯವಿರಲಿಲ್ಲ. ಬಲಗೈ, ಬಲಗಾಲು ಮಾತ್ರ ಸೋತಿದ್ದವು. ಗಂಗವ್ವ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ನಾನು ಅವಳ ಮುಂದೆ ಕೂತೆ. "ನೀ ಬೆಳಿಗ್ಗೆನ ಹೇಳಿದ್ದಿ" ಎಂದೆ. ಅವಳು ನನ್ನನ್ನು ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. "ನಿಮಗೇನ್ ಗೊತ್ತಿತ್ತರಿ ಬಾಯಾರ, ಹಿಂಗಾಗತೈತಿ ಅಂತ" ಎಂದು ತನ್ನ ಪಾಲಿನ ಬಾಳೆಹಣ್ಣು ನನ್ನ ಕೈಗಿಟ್ಟಳು. ಮತ್ತೆ ಬಾಯಾರ ಆಗಿದ್ದೆ.

ಹೊರಗೆ ಬಂದು ಡಾಕ್ಟರನ್ನು ಕೇಳಿದೆ. ಚಿಕ್ಕ ವಯಸ್ಸಿನವರು, ಸಮಾಧಾನದಿಂದ ಹೇಳಿದರು. "ಇದಕ್ಕ ಒಂದು ಇಂಜೆಕ್ಷನ್ ಐತ್ರಿ. ಹೊಡತ ಬಿದ್ದ ಇಷ್ಟ ತಾಸಿನೊಳಗ ಅಂತ ಐತಿ, ಅದು ದಾಟಿದ್ರ ಕೊಡಾಕ ಬರೂದಿಲ್ಲ. ಇವ್ರು ಬರೂದ್ರಾಗ ಸ್ವಲ್ಪದ್ರಾಗ ದಾಟಿತ್ತು."

"ಒಂದು ತಾಸು ಮೊದಲ ಬಂದಿದ್ರ ಕೈ ಉಳೀತಿತ್ತೇನ್ರಿ?"

"ಹೇಳಾಕ ಬರೂದಿಲ್ರಿ. ಕೊಟ್ಟವ್ರಿಗೆಲ್ಲ ಗುಣ ಆಗತೈತಿ ಅಂತಿಲ್ಲ. ಆದ್ರ ಕೊಟ್ಟು ನೋಡಬಹುದಿತ್ತು."

ಉಳಿಯುತ್ತಿತ್ತು ಎಂದು ಹೇಳಿದ್ದರೆ ನಾನು ತಪ್ಪಿತಸ್ಥೆ ಎಂದು ಒಪ್ಪಿಕೊಂಡು ಬಿಡುತ್ತಿದ್ದೆ. ಇಲ್ಲ ಎಂದಿದ್ದರೆ ಹಗುರಾಗುತ್ತಿದ್ದೆ. ಎರಡೂ ಇಲ್ಲದ ಆ ಮಾತು ನನ್ನ ಜೊತೆಗೇ ಉಳಿದಿದೆ.

ಆ ವಾರದ ಭಾನುವಾರ ಸಂಘದ ಸಭೆ ಸೇರಿತು. ಅಧ್ಯಕ್ಷರು ಮೊದಲೇ ಹೊಸ ಕೀಲಿ ತಂದಿಟ್ಟಿದ್ದರು. ತಾವು ನಿದ್ದೆಯಲ್ಲಿದ್ದುದಕ್ಕೆ ಅವರಿಗೂ ಬೇಸರವಾಗಿತ್ತು, ಅದು ಸುಳ್ಳಲ್ಲ. "ಇನ್ನ ಮ್ಯಾಲ ಎರಡು ಕೀಲಿಕೈ ಇಡೂಣು, ಒಂದು ಲೈನಿನ ಕಡೆ ಯಾರಿಗರ ಕೊಡೂಣು" ಎಂದರು. ಸರಿಯಾದ ಮಾತು ಎಂದು ಕೆಲವರು ತಲೆಯಾಡಿಸಿದರು. ಕೀಲಿಯನ್ನೂ ಎರಡು ಕೀಲಿಕೈಗಳನ್ನೂ ಮೇಜಿನ ಮೇಲಿಟ್ಟು, ನನ್ನ ವಾರ ಇನ್ನೂ ಮುಗಿದಿಲ್ಲವೆಂದು ನನ್ನತ್ತ ಸರಿಸಿದರು.

ನಾನು ಜಾಸ್ತಿ ಮಾತಾಡಿ ರೂಢಿಯಿದ್ದವಳಲ್ಲ. ಎದ್ದು ನಿಂತು, "ನನ್ನ ತವರುಮನಿ ಧಾರವಾಡದ ಕಡೆ ಅಲ್ರಿ. ಆ ಗ್ವಾಡಿ ಆಚೆ ಮೂರನೇ ಮನಿ" ಎಂದೆ. ಯಾರೋ ಒಬ್ಬರು ಕೆಮ್ಮಿದರು. ಕೀಲಿಯನ್ನೂ ಎರಡೂ ಕೀಲಿಕೈಗಳನ್ನೂ ಎತ್ತಿಕೊಂಡು ಮನೆಗೆ ಬಂದೆ. ಸೋಮವಾರ ಬೆಳಿಗ್ಗೆ ಶೈಲಾಳ ಕಟ್ಟೆಯ ಮೇಲೆ ಇಡಬೇಕಿತ್ತು, ಇಡಲಿಲ್ಲ. ಅದರ ಮುಂದಿನ ಸೋಮವಾರವೂ ಇಡಲಿಲ್ಲ. ಶೈಲಾ ಕೇಳಲಿಲ್ಲ. ಅಧ್ಯಕ್ಷರು ಎರಡು ಸಲ ನೆನಪಿಸಿದರು, ಮೂರನೇ ಸಲ ನನ್ನನ್ನು ನೋಡಿ ಸುಮ್ಮನಾದರು. ಪೇಟೆಯಲ್ಲಿ ಕೀಲಿಗೇನು ಬರವಿಲ್ಲ, ಇನ್ನೊಂದು ತಂದು ಹಾಕಬಹುದು. ಇದುವರೆಗೆ ಯಾರೂ ತಂದಿಲ್ಲ. ಗೇಟು ತೆರೆದೇ ಇದೆ.

ಇಲ್ಲಿಗೆ ಮುಗಿಸಿದ್ದರೆ ನಾನು ಒಳ್ಳೆಯವಳಾಗಿ ಕಾಣುತ್ತಿದ್ದೆ. ಆದರೆ ಇನ್ನೊಂದು ಮಾತಿದೆ. ಗೇಟು ತೆರೆದ ಮೇಲೆ ಲೈನಿನವರು ಅದರಲ್ಲಿ ಬರಲಿಲ್ಲ. ಚಿಕ್ಕ ಮಕ್ಕಳು ಒಮ್ಮೊಮ್ಮೆ ಚೆಂಡು ಹುಡುಕಿಕೊಂಡು ಬಂದು, ಯಾರಾದರೂ ಕಂಡರೆ ಓಡಿ ಹೋಗುತ್ತವೆ. ದೊಡ್ಡವರು ಮೋರಿ ದಾಟಿ, ಡಿಪೋ ಬಳಸಿಯೇ ಹೋಗುತ್ತಾರೆ. ಗಂಗವ್ವ ಎರಡು ತಿಂಗಳ ಮೇಲೆ ಮತ್ತೆ ಕೆಲಸಕ್ಕೆ ಬಂದಳು. ಅವಳೂ ದೊಡ್ಡ ರಸ್ತೆಯ ಕಡೆಯಿಂದಲೇ ಬರುತ್ತಾಳೆ, ಅರ್ಧ ತಾಸು ನಡೆದು.

"ಗೇಟು ತೆರದೈತಲ್ಲ ಗಂಗವ್ವ, ಯಾಕ ಸುತ್ತಿ ಬರ್ತಿ?" ಎಂದು ಕೇಳಿದೆ.

"ಇರ್ಲಿ ಬಿಡ್ರಿ ಬಾಯಾರ, ಕಾಲಿಗೆ ಅದ ದಾರಿ ರೂಢಿ ಆಗೇತಿ" ಎಂದು ಪಾತ್ರೆಗೆ ಬೂದಿ ಹಚ್ಚಿದಳು. ನನ್ನ ಮುಖ ನೋಡಲಿಲ್ಲ.

ಗೋಡೆ ಕಟ್ಟಲು ಬಸಪ್ಪನಿಗೆ ಎಂಟು ದಿನ ಸಾಕಾಗಿತ್ತು. ಅದು ಮನಸ್ಸಿನಿಂದ ಇಳಿಯಲು ಎಷ್ಟು ವರ್ಷ ಬೇಕೋ ನನಗೆ ತಿಳಿಯದು. ಅವರು ಬರದಿದ್ದರೆ ನಾನೇ ಹೋಗುವುದು ಎಂದುಕೊಂಡು ಈಗ ಪ್ರತಿ ಸೋಮವಾರ ಆ ಗೇಟು ದಾಟಿ ಹಳೇ ಲೈನಿಗೆ ಹೋಗುತ್ತೇನೆ. ಮೊದಲ ದಿನ ಓಣಿಯ ಹೆಂಗಸರು ಮಾತು ನಿಲ್ಲಿಸಿ ಎದ್ದು ನಿಂತರು. ನಾನು ಆಡಿ ಬೆಳೆದ ಓಣಿಯಲ್ಲಿ ನನಗೆ ಕುರ್ಚಿ ತಂದು ಹಾಕಿದರು. ಆ ಕುರ್ಚಿಯ ಮೇಲೆ ಕೂತಾಗ ಆದ ಸಂಕಟ ಆಸ್ಪತ್ರೆಯಲ್ಲೂ ಆಗಿರಲಿಲ್ಲ. ಈಗ ಕುರ್ಚಿ ತರುವುದನ್ನು ಬಿಟ್ಟಿದ್ದಾರೆ. ಕಾಶವ್ವ ಒಂದು ದಿನ, "ಬಾ, ಇಲ್ಲೆ ಹೊಸ್ತಿಲ ಮ್ಯಾಲ ಕುಂಡ್ರು" ಎಂದಳು, ಅಷ್ಟು ಸಾಕೆನಿಸಿತು.

ಬಸಪ್ಪ ಬಾಗಿಲ ಬಳಿ ಬಾಜಿನ ಮೇಲೆ ಕೂತಿರುತ್ತಾನೆ. ಕಾಲು ಸ್ವಲ್ಪ ಸುಧಾರಿಸಿದೆ, ಕೋಲು ಹಿಡಿದು ಹತ್ತು ಹೆಜ್ಜೆ ಹಾಕುತ್ತಾನೆ. ಬಲಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಅವನ ಕರಣಿ, ತೂಗುಗುಂಡು ಗೋಡೆಯ ಗೂಟಕ್ಕೆ ನೇತಾಡುತ್ತಿವೆ. ಮಾತು ತೊದಲುತ್ತದೆ, ಆದರೆ ತಿಳಿಯುತ್ತದೆ.

ಈ ವರ್ಷದ ಮೊದಲ ಮಳೆ ಜೋರಾಗಿ ಬಂದ ಮರುದಿನ ಹೋಗಿದ್ದೆ. ನನ್ನನ್ನು ಕಂಡವನೇ ಎಡಗೈ ಎತ್ತಿ ಹತ್ತಿರ ಕರೆದ. ಏನೋ ಬೇಕಾಗಿದೆಯೇನೋ, ಔಷಧಿಯೋ ಏನೋ ಎಂದುಕೊಂಡು ಬಗ್ಗಿದೆ.

"ಬಾಯಾರ, ಆ ಗ್ವಾಡಿ ಹೆಂಗೈತ್ರಿ?" ಎಂದು ನಿಧಾನವಾಗಿ ಕೇಳಿದ. "ಪಾಯಾ ಅಷ್ಟ ಆಳ ತೆಗಿಸಿರಲಿಲ್ಲ ಸಾಹೇಬ್ರು. ಈ ಮಳಿಗೆ ಎಲ್ಯರ ಬಿರುಕು ಬಿಟ್ಟೈತೇನು?"

ಅವನ ಮುಖ ನೋಡಿದೆ. ವ್ಯಂಗ್ಯವಿರಲಿಲ್ಲ. ತಾನು ಕಟ್ಟಿದ್ದು ಗಟ್ಟಿ ಇರಬೇಕೆಂಬ ಗೌಂಡಿಯ ಆಸೆ ಅಷ್ಟೇ ಅವನ ಕಣ್ಣಲ್ಲಿತ್ತು.

"ಇಲ್ಲ ಬಸಪ್ಪ" ಎಂದೆ. "ಗಟ್ಟಿ ಐತಿ. ಎಲ್ಲೂ ಬಿಟ್ಟಿಲ್ಲ."

ಅವನು ತಲೆಯಾಡಿಸಿ, ಸಮಾಧಾನದಿಂದ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡ. ನಾನು ಹೊಸ್ತಿಲ ಮೇಲೆ ಕೂತೆ. ಸೊಂಟದಲ್ಲಿ ಗೇಟಿನ ಹಳೆಯದೊಂದು, ಹೊಸವೆರಡು, ಆ ಮೂರು ಕೀಲಿಕೈಗಳು ಒತ್ತುತ್ತಿದ್ದವು. ಈಗಲೂ ಒತ್ತುತ್ತವೆ, ಬಿಚ್ಚಿಡಲು ಮನಸ್ಸು ಬಂದಿಲ್ಲ.